ರೆಪೊಸಿಟರಿ ಸಹಿಯ ದೋಷಗಳಿಗೆಲ್ಲ 'ಅಮಾನ್ಯ ಸಹಿ' ಎನ್ನಬಹುದೇ?

ಡೆಬಿಯನ್, ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳಲ್ಲಿ ತಂತ್ರಾಂಶ ತಂದು ಸ್ಥಾಪಿಸುವ ಆಪ್ಟ್, ರೆಪೊಸಿಟರಿಯ (ತಂತ್ರಾಂಶ ಭಂಡಾರದ) ಡಿಜಿಟಲ್ ಸಹಿ ನೋಡುವಾಗ ಕೊಡುವ ದೋಷಗಳನ್ನೆಲ್ಲ 'ಅಮಾನ್ಯ ಸಹಿ' ಎಂದು ಕನ್ನಡಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದೊಂದಕ್ಕೂ ಪರಿಹಾರ ಬೇರೆ.

'ನೋ_ಪಬ್‌ಕೀ' ಬಂದಾಗ ಸಹಿ ಸರಿಯೋ ತಪ್ಪೋ ಇನ್ನೂ ತಿಳಿದೇ ಇಲ್ಲ; ಅದನ್ನು ನೋಡಲು ಬೇಕಾದ ಕೀಲಿಕೈ (ಪಬ್ಲಿಕ್ ಕೀ) ಯಂತ್ರದಲ್ಲಿಲ್ಲ, ಅಷ್ಟೇ. 'ಕೀಲಿಕೈ ಸಿಗಲಿಲ್ಲ' ಸಾಕು. (ಡೆಬಿಯನ್ 13ರಲ್ಲಿ ಸಹಿಯ ಪರಿಶೀಲನೆ ಎಸ್‌ಕ್ಯುವಿ ಎಂಬ ಬೇರೆ ಉಪಕರಣಕ್ಕೆ ಹೋಗಿರುವುದರಿಂದ ಇದೇ ದೋಷ 'ಮಿಸ್ಸಿಂಗ್ ಕೀ' ಎಂದು ಬರುತ್ತದೆ.) ಕೀಲಿಕೈಯ ಫೈಲ್ ಇದ್ದೂ ಹೀಗಾಗುವುದುಂಟು. ಸಹಿ ನೋಡಲು ಜಿಪಿಜಿವಿ ಎಂಬ ಹಳೆಯ ಉಪಕರಣವನ್ನು ಬಳಸುವ ಆಪ್ಟ್‌ನಲ್ಲಿ, ಆಸ್ಕಿ (ಬರಿಯ ಪಠ್ಯ) ರೂಪದ ಕೀಲಿಕೈಗೆ 'ಡಾಟ್ ಜಿಪಿಜಿ' ಎಂದು ಹೆಸರಿಟ್ಟರೆ ಅದು ಲೆಕ್ಕಕ್ಕೇ ಬರುವುದಿಲ್ಲ. 'ಡಾಟ್ ಎಎಸ್‌ಸಿ' ಎಂದು ಬದಲಿಸಿ ಕೀಲಿಕೈ ಎಲ್ಲಿದೆ ಎಂದು ಆಪ್ಟ್‌ಗೆ ಹೇಳುವ 'ಸೈನ್ಡ್-ಬೈ' ದಾರಿಯನ್ನೂ ತಿದ್ದಬೇಕು. ಇಲ್ಲವೇ ಜಿಪಿಜಿಯ 'ಡಿಆರ್ಮರ್' ಆಯ್ಕೆಯಿಂದ ಬೈನರಿ ಮಾಡಬೇಕು. ಫೈಲಿನ ಅನುಮತಿ 600 (ಫೈಲಿನ ಮಾಲೀಕನಿಗೆ ಮಾತ್ರ) ಇದ್ದರೆ ಆಪ್ಟ್ ಬಳಸುವ '_ಆಪ್ಟ್' ಎಂಬ ಖಾತೆಗೆ ಓದಲಾಗದು, 644 (ಎಲ್ಲರೂ ಓದಬಹುದು) ಮಾಡಿ.

'ಎಕ್ಸ್‌ಪ್‌ಕೀಸಿಗ್'ನಲ್ಲಿ ಅವಧಿ ಮುಗಿದಿರುವುದು ಕೀಲಿಕೈಯದು. ಸಹಿಯದೇ ಮುಗಿದರೆ 'ಎಕ್ಸ್‌ಪ್‌ಸಿಗ್'. ಎಷ್ಟೋ ಸಲ ರೆಪೊಸಿಟರಿಯ ಒಡೆಯರು ಅದೇ ಕೀಲಿಕೈಯ ಅವಧಿ ವಿಸ್ತರಿಸಿ ಮತ್ತೆ ಪ್ರಕಟಿಸಿರುತ್ತಾರೆ. ಅದನ್ನು ಇಳಿಸಿಕೊಂಡರೆ ಮುಗಿಯಿತು, ಕೀಲಿಕೈಯನ್ನು ಗುರುತಿಸುವ 40 ಅಂಕಿಯ 'ಬೆರಳಚ್ಚು' (ಫಿಂಗರ್‌ಪ್ರಿಂಟ್) ಬದಲಾಗಿರುವುದಿಲ್ಲ. ಇಲ್ಲಿ 'ಹೊಸ ಕೀಲಿಕೈ' ಎಂದು ಬರೆದರೆ ಓದಿದವರು ಇಲ್ಲದ ಬೆರಳಚ್ಚನ್ನು ಹುಡುಕುತ್ತಾ ಕೂರುತ್ತಾರೆ. 2025ರ ಏಪ್ರಿಲ್‌ನಲ್ಲಿ ಕಾಲಿ ಲಿನಕ್ಸ್ ತಂಡ ತನ್ನ ಸಹಿ ಕೀಲಿಕೈ ಕೈತಪ್ಪಿತೆಂದು ತಿಳಿಸಿ ಬೇರೊಂದನ್ನು ಹೊರಡಿಸಿತಲ್ಲ, 'ಹೊಸ' ಎನ್ನುವುದು ಅದಕ್ಕೆ ಸಲ್ಲುತ್ತದೆ. ಹಳೆಯದು ಕಳ್ಳರ ಪಾಲಾಗಿರಲಿಲ್ಲವಾದ್ದರಿಂದ ಅದನ್ನೂ ಕೀರಿಂಗಿನಲ್ಲಿ (ಕೀಲಿಕೈಗಳ ಗೊಂಚಲಿನಲ್ಲಿ) ಉಳಿಸಿಕೊಂಡರು.

'ಬ್ಯಾಡ್‌ಸಿಗ್'ಗೆ 'ಸಹಿ ತಾಳೆಯಾಗಲಿಲ್ಲ' ಎನ್ನೋಣ. ಕೀಲಿಕೈ ಇದೆ, ಬಂದ ಪಠ್ಯ ಸಹಿಗೆ ಹೊಂದಿಲ್ಲ: ಮಿರರ್ (ರೆಪೊಸಿಟರಿಯ ನಕಲು ಸರ್ವರ್) ಅರ್ಧ ನವೀಕರಣದಲ್ಲಿರಬಹುದು, ನಡುವಿನ ಪ್ರಾಕ್ಸಿ ಸರ್ವರ್ ಹಳೆಯ ಪ್ರತಿ ಕೊಟ್ಟಿರಬಹುದು, ಯಾರಾದರೂ ತಿದ್ದಿಯೂ ಇರಬಹುದು. ಕೀಲಿಕೈ ಮತ್ತೆ ತಂದು ಉಪಯೋಗವಿಲ್ಲ. '/ವಾರ್/ಲಿಬ್/ಆಪ್ಟ್/ಲಿಸ್ಟ್ಸ್' ಫೋಲ್ಡರ್ ಖಾಲಿ ಮಾಡಿ, ಪ್ರಾಕ್ಸಿ ಬಿಟ್ಟು ಅಪ್‌ಡೇಟ್ ಮಾಡಿ ನೋಡಬೇಕು. ಸಹಿ ನೋಡದೆ ನಂಬು ಎನ್ನುವ 'ಟ್ರಸ್ಟೆಡ್=ಯೆಸ್' ಹಾಕಿ ಸಂದೇಶದ ಬಾಯಿ ಮುಚ್ಚಿಸಬೇಡಿ; ಆಪ್ಟ್ ಸಹಿ ನೋಡುವುದು ರೆಪೊಸಿಟರಿಯ ವಿವರಪಟ್ಟಿಯಾದ ಇನ್‌ರಿಲೀಸ್ ಫೈಲಿನಲ್ಲಿ, ಒಳಗಿನ ಪ್ಯಾಕೇಜುಗಳಿಗೆಲ್ಲ ಅದೇ ಆಧಾರ.

'ಕೀ' ಎಂಬುದಕ್ಕೆ ಬರಿಯ 'ಕೀಲಿ' ಬೇಡ ಎನ್ನುವೆ. ಉತ್ತರ ಕರ್ನಾಟಕದ ಕಡೆ 'ಕೀಲಿ ಹಾಕು' ಎಂದರೆ ಬೀಗ ಹಾಕು ಎಂದೇ ಅರ್ಥ. 'ಕೀಲಿಕೈ' ಎಂದರೆ ಎಲ್ಲ ಕಡೆಗೂ ನಡೆಯುತ್ತದೆ.

ಉಳಿದದ್ದು 'ರೆವ್‌ಕೀಸಿಗ್', ಅಂದರೆ ಸಹಿ ಮಾಡಿದ ಕೀಲಿಕೈಯನ್ನು ಅದರ ಒಡೆಯರು ಹಿಂತೆಗೆದುಕೊಂಡಿದ್ದಾರೆ ಎಂಬ ದೋಷ. 'ರದ್ದಾದ ಕೀಲಿಕೈ' ಎಂದರೆ ಗಡುವು ಮುಗಿದು ತಾನಾಗಿ ರದ್ದಾದಂತೆ ಕೇಳುತ್ತದೆ. ಒಡೆಯರೇ ಇನ್ನು ಇದನ್ನು ನಂಬಬೇಡಿ ಎಂದು ಸಾರಿರುವುದು ಹೊಮ್ಮುವುದಿಲ್ಲ. 'ರದ್ದುಪಡಿಸಿದ' ಮೇಲು ಅನಿಸುತ್ತದೆ. ಇದಕ್ಕಿಂತ ಚಿಕ್ಕ ಮಾತು ನಿಮ್ಮಲ್ಲಿ ಬಳಕೆಯಲ್ಲಿದೆಯೇ?