ಮುತ್ಯಾನ ವ್ಯಾಗನಾರ್‌ಗೆ ಎಷ್ಟು?

ನಮ್ಮ ಮನೆಮಂದಿ ಗ್ರೂಪಿನಲ್ಲಿ ಬೆಳಗಿನ ಹೂವಿನ ಚಿತ್ರ, ಮದುವೆ ಪತ್ರಿಕೆ ಬಿಟ್ಟರೆ ಹೆಚ್ಚೇನೂ ಬರುವುದಿಲ್ಲ. ಕಲಬುರಗಿಯಲ್ಲಿ ಮುತ್ಯಾನ, ಅಂದರೆ ಅಜ್ಜನ, ಜೊತೆ ಇರುವವನು ನಾನು. ಹಾಗಾಗಿ ಅವರ ಕಾರಿನ ಫೋಟೋ ಹಾಕುವ ಕೆಲಸವೂ ನನಗೇ ಬಂತು.

ನಾನು: ಮುತ್ಯಾ ಗಾಡಿ ಕೊಟ್ಟುಬಿಡೋಣ ಅಂತಿದ್ದಾರೆ. ಕಣ್ಣಿನ ಆಪರೇಷನ್ ಆದಮೇಲೆ ಓಡಿಸಿಲ್ಲ. ವ್ಯಾಗನಾರ್ ಪೆಟ್ರೋಲ್, ಜುಲೈ 2012, ಕೆಎ-32, ಒಬ್ಬರೇ ಓನರ್, 27,400 ಕಿ.ಮೀ. ಮೊದಲು ಮನೆಯವರನ್ನು ಕೇಳು ಅಂದರು.

ಪುಣೆ ಅಣ್ಣ: 27 ಸಾವಿರ! ಹೊಸ ಗಾಡಿನೇ ಅಲ್ವಾ ಇದು? ಮೂರೂವರೆ ಲಕ್ಷಕ್ಕೆ ಒಂದು ರೂಪಾಯಿ ಕಡಿಮೆ ಬೇಡ.

ಸೇಡಂ ಅತ್ತಿ: ನಮ್ಮ ಹುಡುಗನಿಗೆ ಬೇಕು. ದಿನಾ ಕಲಬುರಗಿಗೆ ಡ್ಯೂಟಿಗೆ ಹೋಗಿ ಬರುತ್ತಾನೆ. ರೇಟು ಹೇಳ್ರಪ್ಪ, ಆದರೆ ನಾನೇನು ಹೊರಗಿನವಳಲ್ಲ.

ಬೀದರ್ ಕಾಕಾ: ಮೂರೂವರೆ ಯಾರು ಕೊಡುತ್ತಾರೋ? 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 18 ಪರ್ಸೆಂಟ್‌ಗೆ ಇಳಿದಿದೆ. ಮೊದಲು 28, ಮೇಲೆ ಸೆಸ್. ಈಗ ಹೊಸ ವ್ಯಾಗನಾರ್ ಶೋರೂಂ ಬೆಲೆ ಐದು ಲಕ್ಷದ ಆಸುಪಾಸಿನಿಂದ ಶುರು. ಹೊಸದು ಇಳಿದರೆ ಹಳೇದೂ ಇಳಿಯುತ್ತೆ. ಇಷ್ಟು ಹಳೇ ಗಾಡಿಗೆ ಬ್ಯಾಂಕ್ ಸಾಲ ಸಿಗುವುದೂ ಕಷ್ಟ. ಕೈಯಲ್ಲಿ ರೊಕ್ಕ ಇದ್ದವನೇ ಬರಬೇಕು.

ಪುಣೆ ಅಣ್ಣ: ಕಾಕಾ, ಸ್ಕ್ರೀನ್‌ಶಾಟ್ ನೋಡಿ. ಇದೇ ಮಾಡೆಲ್, ಇದೇ ವರ್ಷ, 80 ಸಾವಿರ ಓಡಿದ್ದಕ್ಕೆ 2.40 ಲಕ್ಷ ಕೇಳುತ್ತಿದ್ದಾನೆ. ನಮ್ಮದು ಮೂರನೇ ಒಂದು ಭಾಗ ಓಡಿದೆ. ಒಂದು ಲಕ್ಷ ಜಾಸ್ತಿ ಕೇಳಿದರೆ ತಪ್ಪೇನು?

ಬೀದರ್ ಕಾಕಾ: ಅದು ಕೇಳಿದ ರೇಟು, ಮಾರಿದ ರೇಟಲ್ಲ. ಆ ಜಾಹೀರಾತು ಎಷ್ಟು ದಿನದಿಂದ ಅಲ್ಲೇ ಇದೆ ನೋಡು. ಮೊನ್ನೆ ಹುಮನಾಬಾದಿನಲ್ಲಿ ನನ್ನ ಕಣ್ಣೆದುರೇ ಅಂಥದ್ದೇ ಗಾಡಿ 1.80ಕ್ಕೆ ಹೋಯಿತು, 75 ಸಾವಿರ ಓಡಿತ್ತು. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರೆ, ಎಷ್ಟು ಎಕರೆ ಉಳುಮೆ ಮಾಡಿದೆ ಅಂತ ಕೇಳುವುದಿಲ್ಲ.

ಪುಣೆ ಅಣ್ಣ: ಸುಮ್ನೆ ಗಾದೆ ಹೇಳಬೇಡಿ ಕಾಕಾ. ಇಂಜಿನ್ ಸವೆದಿಲ್ಲ ಅನ್ನುವುದಕ್ಕೆ ಬೆಲೆಯೇ ಇಲ್ವಾ?

ಇಬ್ಬರೂ ಗಾಡಿ ನೋಡದೆ ಜಗಳ ಆಡುತ್ತಿದ್ದರು. ನಾನು ಅದನ್ನು ರಿಂಗ್ ರೋಡಿನ ಗ್ಯಾರೇಜಿಗೆ ಒಯ್ದು, ಮೆಕ್ಯಾನಿಕ್ ಜೊತೆ ನಿಂತು ನೋಡಿ ಬಂದೆ. ಸಂಜೆ ಉದ್ದಕ್ಕೆ ಬರೆದೆ.

ನಾನು: ಮೊದಲು ಮೀಟರ್ ಮಾತು. ಹಿಂದಕ್ಕೆ ತಿರುಗಿಸಿಲ್ಲ. ಸರ್ವಿಸ್ ಬುಕ್ಕಿನಲ್ಲಿ ವರ್ಷಕ್ಕೊಂದು ಸೀಲು ಇದೆ, ಪ್ರತಿ ಸೀಲಿನ ಪಕ್ಕದ ಕಿ.ಮೀ. ಹಿಂದಿನದಕ್ಕೆ ಹೊಂದುತ್ತೆ. ಕ್ಲಚ್ ಪೆಡಲ್ಲಿನ ರಬ್ಬರ್ ಗೀರು ಹಾಗೇ ಇವೆ. ಸ್ಟೇರಿಂಗ್ ಸವೆದು ನುಣುಪಾಗಿಲ್ಲ. ಕೊಳ್ಳುವವರು ನಂಬುವುದು ಇದನ್ನೇ, ಮೀಟರನ್ನಲ್ಲ. ಆ ಬುಕ್ಕು ಕಳೆಯಬೇಡಿ.

ಇನ್ನು ಟಯರ್. ಗೀರು ಆಳವಾಗಿವೆ, ದೂರದಿಂದ ನೋಡಿದರೆ ಹೊಸವೇ. ಪಕ್ಕದಲ್ಲಿ 2212 ಅಂತ ನಾಲ್ಕು ಅಂಕಿ ಇವೆ. 2012ರ 22ನೇ ವಾರ ತಯಾರಾದವು ಅಂತ ಅರ್ಥ. ಕಂಪನಿ ಟಯರ್ ಇವತ್ತಿನವರೆಗೂ ಅವೇ. ಟಯರಿನ ಪಕ್ಕದ ಗೋಡೆಯಲ್ಲಿ ಬಿರುಕು ಬಿಟ್ಟಿವೆ, ಉಗುರು ಹೋಗುತ್ತೆ. ಗಾಡಿ ನಿಲ್ಲುವ ಜಾಗಕ್ಕೆ ಬೇವಿನ ಮರದ ನೆರಳು ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ರಬ್ಬರ್ ಅನ್ನುವುದೆಲ್ಲ ಓಡಿದರೂ ಹಾಳು, ನಿಂತರೂ ಹಾಳು. ಕೂಲಂಟ್ ಪೈಪು ಗಟ್ಟಿಯಾಗಿದೆ, ಮುಂದಿನ ಚಕ್ರ ಹಿಡಿಯುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಸೀಳಿದೆ, ಇಂಜಿನ್ ಕೂರುವ ರಬ್ಬರ್ ಮೌಂಟ್ ಕುಸಿದಿದೆ. ಬಾನೆಟ್ ಕೆಳಗೆ ಬೇವಿನ ಎಲೆ ರಾಶಿ, ಒಂದು ವೈರನ್ನು ಇಲಿ ಕಚ್ಚಿದೆ. ಮುತ್ಯಾನದು ಗಂಜ್ ಮಾರ್ಕೆಟ್ಟಿಗೆ, ಶರಣಬಸವೇಶ್ವರ ಗುಡಿಗೆ ಅಂತ ಹತ್ತು ನಿಮಿಷದ ಓಟ. ಬ್ಯಾಟರಿ ಚಾರ್ಜ್ ಆಗುವಷ್ಟು ದೂರ ಗಾಡಿ ಹೋಗಿದ್ದೇ ಕಡಿಮೆ.

ಒಳ್ಳೆಯದೂ ಇದೆ. ಈ ಇಂಜಿನ್ನಿಗೆ ಟೈಮಿಂಗ್ ಬೆಲ್ಟ್ ಅಲ್ಲ, ಚೈನ್. ಹಾಗಾಗಿ ವರ್ಷ ಆಯಿತು ಅಂತ ಅದನ್ನು ಬದಲಿಸಬೇಕಿಲ್ಲ. ಕ್ಲಚ್, ಗೇರ್ ಬಾಕ್ಸ್ ಗಟ್ಟಿ. ಅಡಿಯಲ್ಲಿ ತುಕ್ಕಿಲ್ಲ. ಅಣ್ಣ ಹೇಳುವ ಬೆಲೆ ಇವುಗಳಿಗೆ ಸಲ್ಲಬೇಕು, ಆದರೆ ಲಕ್ಷ ರೂಪಾಯಿ ಅಲ್ಲ.

ಮೆಕ್ಯಾನಿಕ್ ಕೊಟ್ಟ ಲೆಕ್ಕ: ನಾಲ್ಕು ಟಯರ್ 14,000, ಬ್ಯಾಟರಿ 4,500, ಬುಷ್ ಮತ್ತು ಮೌಂಟ್ 6,000, ಪೈಪು, ಇಂಜಿನ್ನಿನ ಹೊರಗಿನ ಬೆಲ್ಟ್, ಬ್ರೇಕ್, ಆಯಿಲ್, ಕೂಲಂಟ್ ಸೇರಿ 7,500, ಎಸಿ ಮತ್ತು ವೈರಿಂಗ್ 3,000. ಒಟ್ಟು 35,000.

ಶಹಾಪುರ ಅಕ್ಕ: ಆರ್‌ಸಿ, ಗಾಡಿ ನೋಂದಣಿ, ಯಾವಾಗ ಮುಗಿಯುತ್ತೆ? ಅದನ್ನು ಯಾರೂ ಹೇಳಲಿಲ್ಲ.

ನಾನು: 2027ರ ಜುಲೈ, ಅಕ್ಕ. 15 ವರ್ಷ. ಆಮೇಲೆ ಫಿಟ್‌ನೆಸ್ ನೋಡಿಸಿ ಐದು ವರ್ಷಕ್ಕೆ ರಿನ್ಯೂವಲ್. ಮೊದಲು 600 ಇದ್ದ ಫೀ 2022ರ ಏಪ್ರಿಲ್‌ನಿಂದ 5,000. ಮೇಲೆ ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ.

ಶಹಾಪುರ ಅಕ್ಕ: ಏರ್‌ಬ್ಯಾಗ್?

ನಾನು: ಇಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ಸೂ ಇಲ್ಲ.

ಶಹಾಪುರ ಅಕ್ಕ: ಹಾಗಾದರೆ ಅತ್ತಿ, ನಾನು ಬೆಲೆಗಿಂತ ಮೊದಲು ಅದನ್ನೇ ಕೇಳುತ್ತೇನೆ. ಮಳಖೇಡದ ಕಡೆ ಸಿಮೆಂಟ್ ಲಾರಿ ಸಾಲು ಹೇಗಿರುತ್ತೆ ಅಂತ ನಿಮಗೇ ಗೊತ್ತು. ಹುಡುಗ ದಿನಾ ಅದೇ ರಸ್ತೆಯಲ್ಲಿ ಹೋಗಬೇಕು.

ಸೇಡಂ ಅತ್ತಿ: ಈಗ ಬೈಕಿನಲ್ಲಿ ಹೋಗುತ್ತಿದ್ದಾನಮ್ಮ. ಅದಕ್ಕೆ ಯಾವ ಏರ್‌ಬ್ಯಾಗ್ ಇದೆ?

ಅಕ್ಕ ಉತ್ತರ ಕೊಡಲಿಲ್ಲ. ಅತ್ತಿ ಹೇಳಿದ್ದಕ್ಕೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಪುಣೆ ಅಣ್ಣ: ಇನ್ನೊಂದು. ಹಳೇ ಕಾರು ಮಾರಿದರೆ ನಾವೂ 18 ಪರ್ಸೆಂಟ್ ಟ್ಯಾಕ್ಸ್ ಕಟ್ಟಬೇಕಂತೆ, ಫಾರ್ವರ್ಡ್ ಬಂದಿದೆ. ಅದನ್ನೂ ಸೇರಿಸಿ ರೇಟು ಹೇಳಿ.

ಬೀದರ್ ಕಾಕಾ: ಅದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ, ಅದೂ ಅವನ ಲಾಭದ ಮೇಲೆ. ಮನೆಯವರು ಮನೆಯವರಿಗೆ ಮಾರಿದರೆ ಇಲ್ಲ. ಫಾರ್ವರ್ಡ್ ಓದುವುದು ಬಿಡು.

ನಾನು: ನನ್ನ ಲೆಕ್ಕ ಹೀಗಿದೆ. ಹುಮನಾಬಾದಿನ 1.80 ಹಿಡಿಯೋಣ. ಕಡಿಮೆ ಓಡಿದ್ದಕ್ಕೆ, ಬುಕ್ಕು ಸರಿ ಇರುವುದಕ್ಕೆ 40,000 ಸೇರಿಸಿದರೆ 2.20. ರಿಪೇರಿ 35,000 ಕಳೆದರೆ 1.85. ಹೊರಗಿನವರಿಗೆ 2.10 ಹೇಳಿ 1.95ಕ್ಕೆ ಬಿಡುತ್ತಿದ್ದೆ. ಅತ್ತಿಗೆ 1.85.

ಪುಣೆ ಅಣ್ಣ: ಮೂರೂವರೆ ಎಲ್ಲಿ, ಇದೆಲ್ಲಿ! ಮುತ್ಯಾನಿಗೆ ಲುಕ್ಸಾನು ಮಾಡುತ್ತಿದ್ದೀಯ.

ಬೀದರ್ ಕಾಕಾ: ಹಾಗಾದರೆ ಮೂರೂವರೆ ಕೊಟ್ಟು ನೀನೇ ತಗೋ.

ಗ್ರೂಪು ಸ್ವಲ್ಪ ಹೊತ್ತು ತಣ್ಣಗಾಯಿತು. ಆಮೇಲೆ ಮುತ್ಯಾನ ವಾಯ್ಸ್ ಮೆಸೇಜ್ ಬಂತು. ಅಷ್ಟೊತ್ತೂ ಎಲ್ಲವನ್ನೂ ನನ್ನ ಕೈಲಿ ಓದಿಸಿಕೊಂಡು ಕೂತಿದ್ದರು.

ಮುತ್ಯಾ: ನಾಲ್ಕು ಟಯರ್ ನಾನೇ ಹಾಕಿಸಿ ಕೊಡುತ್ತೇನೆ. ಎರಡು ಲಕ್ಷ ಕೊಡಲಿ. ಹಳೇ ಟಯರಿನ ಮೇಲೆ ಮೊಮ್ಮಗ ಆ ರಸ್ತೆಗೆ ಹೋಗಬಾರದು.

ನಾನು ಲೆಕ್ಕ ಹಾಕಿದೆ: 1.85ಕ್ಕೆ 14,000 ಕೂಡಿದರೆ 1.99. ಮುತ್ಯಾ ಒಂದು ಸಾವಿರ ಲಾಭದಲ್ಲೇ ಇದ್ದರು.

ಸೇಡಂ ಅತ್ತಿ: ಆಯಿತಪ್ಪಾ. ಸೋಮವಾರ ಬರುತ್ತೇನೆ. ಕಾಗದ ಏನೇನು ಬೇಕು?

ನಾನು: ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಇಬ್ಬರ ಸಹಿ. ಇನ್ಶುರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಬೇಕು. ಕ್ಲೇಮ್ ಮಾಡದೇ ಇದ್ದುದಕ್ಕೆ ಸಿಗುವ ಎನ್‌ಸಿಬಿ ರಿಯಾಯಿತಿ ಮುತ್ಯಾನದು, ಗಾಡಿ ಜೊತೆ ಬರುವುದಿಲ್ಲ. ಪ್ರೀಮಿಯಂ ಜಾಸ್ತಿ ಬಂದರೆ ಗಾಬರಿ ಆಗಬೇಡಿ.

ಸೇಡಂ ಅತ್ತಿ: ಮತ್ತೆ ಬ್ಯಾಟರಿ?

ಮುತ್ಯಾ: ಬ್ಯಾಟರಿ ನಿಂದು.