ಪದಚರ್ಚೆ: ಮೇಕಪ್ಪೋ, ಮೇಕ್ ಅಪ್ಪೋ?

ಕರಡು ತಿದ್ದಲು ಬಂದಿದ್ದ ಒಂದು ಅನುವಾದದಲ್ಲಿ ಈ ಸಾಲು ಕಣ್ಣಿಗೆ ಬಿತ್ತು: ‘ಗಂಡ ಹೆಂಡತಿ ರಾತ್ರಿಯೆಲ್ಲ ಜಗಳವಾಡಿ, ಬೆಳಗ್ಗೆ ಮೇಕಪ್ ಮಾಡಿಕೊಂಡರು.’ ಗಂಡನೂ ಪೌಡರ್ ಬಳಿದುಕೊಂಡನಾ ಅಂತ ನಗು ಬಂತು. ಮೂಲದಲ್ಲಿ ಇದ್ದದ್ದು ‘ದೇ ಮೇಡ್ ಅಪ್’. ರಾಜಿಯಾದರು, ಅಷ್ಟೇ. ಅನುವಾದಕರನ್ನು ಆಡಿಕೊಳ್ಳುವುದು ಸುಲಭ. ಆದರೆ ಈ ‘ಮೇಕ್ ಅಪ್’ ಯಾರನ್ನು ಬೇಕಾದರೂ ಬೀಳಿಸುತ್ತದೆ. ಅರ್ಥ ಹತ್ತಾರು, ಬರೆಯುವ ರೀತಿ ಮೂರು.

ಮೊದಲು ಸ್ಪೆಲ್ಲಿಂಗ್ ವಿಚಾರ ಮುಗಿಸಿಬಿಡೋಣ. ಕ್ರಿಯಾಪದವಾಗಿದ್ದರೆ ಇಂಗ್ಲಿಷಿನಲ್ಲಿ ಯಾವಾಗಲೂ ಎರಡು ಪದ, ನಡುವೆ ಜಾಗ. ಇದರಲ್ಲಿ ತಕರಾರಿಲ್ಲ. ನಾಮಪದವಾದಾಗ ಗಲಾಟೆ ಶುರು. ಬ್ರಿಟನ್ನಿನವರು ನಡುವೆ ಒಂದು ಅಡ್ಡಗೆರೆ ಎಳೆಯುತ್ತಾ ಬಂದವರು. ಅಮೆರಿಕದವರು ಎರಡನ್ನೂ ಸೇರಿಸಿ ಒಂದೇ ಪದ ಮಾಡಿಕೊಂಡರು. ಆಸ್ಕರ್‌ನಲ್ಲಿ 1981ರ ಸಿನಿಮಾಗಳಿಂದ ಮುಖಕ್ಕೆ ಬಣ್ಣ ಹಚ್ಚುವ ಕೆಲಸಕ್ಕೆ ಕಾಯಂ ಪ್ರಶಸ್ತಿ ವಿಭಾಗ ಬಂತು. ಅಲ್ಲಿ ಅದು ಒಂದೇ ಪದ. ಲಂಡನ್ನಿನ ಬಾಫ್ಟಾದವರು ಇದೇ ಕೆಲಸಕ್ಕೆ ಕೊಡುವ ಪ್ರಶಸ್ತಿಯಲ್ಲಿ ಎರಡು ಪದ ಬಿಡಿಸಿ ಬರೆಯುತ್ತಾರೆ, ಅಡ್ಡಗೆರೆಯೂ ಇಲ್ಲ! ಅವರವರಲ್ಲೇ ಒಮ್ಮತ ಇಲ್ಲದ ಮೇಲೆ ನಾವು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಆಫೀಸಿನ ಮೇಲ್‌ಗಳಲ್ಲಿ ‘ಐ ವಿಲ್ ಮೇಕಪ್ ದ ಲಾಸ್’ ಎಂದು ಕ್ರಿಯಾಪದವನ್ನೂ ಅಂಟಿಸಿ ಬರೆಯುತ್ತಾರಲ್ಲ, ಅದು ಎರಡೂ ಕಡೆ ತಪ್ಪು.

ಗೊತ್ತುಮಾಡಿಕೊಳ್ಳಲು ಕಿವಿಯೇ ಸಾಕು. ಸೌಂದರ್ಯದ ಮೇಕಪ್ ಅನ್ನುವಾಗ ಒತ್ತು ‘ಮೇ’ ಮೇಲೆ ಬೀಳುತ್ತದೆ. ಕ್ರಿಯಾಪದವಾಗಿ ಹೇಳುವಾಗ ‘ಅಪ್’ ಮೇಲೆ. ಕ್ರಿಯಾಪದದ ನಡುವೆ ‘ಇಟ್’ ತೂರಿಸಬಹುದು ಕೂಡ: ‘ಮೇಕ್ ಇಟ್ ಅಪ್’. ತೂರಿಸಬಹುದು ಏನು, ತೂರಿಸಲೇಬೇಕು. ‘ಮೇಕ್ ಅಪ್ ಇಟ್’ ಎಂದು ಇಂಗ್ಲಿಷಿನವರು ಹೇಳುವುದಿಲ್ಲ.

ಇನ್ನು ಅರ್ಥ. ಇಲ್ಲದ್ದನ್ನು ಹುಟ್ಟಿಸಿ ಹೇಳುವುದು, ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದು, ಔಷಧಿ ಅಂಗಡಿಯವನು ಚೀಟಿ ನೋಡಿ ಮದ್ದು ಬೆರೆಸಿ ಕೊಡುವುದು, ಸಾಮಾನನ್ನು ಗಂಟು ಮಾಡುವುದು, ಆದ ನಷ್ಟ ತುಂಬುವುದು, ಜಗಳ ಬಿಟ್ಟು ಒಂದಾಗುವುದು, ಹಲವು ಭಾಗ ಸೇರಿ ಒಂದು ಪೂರ್ತಿ ಆಗುವುದು. ಎಲ್ಲಕ್ಕೂ ಇದೇ ಜೋಡಿಪದ. ಪಟ್ಟಿ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಕನ್ನಡದಲ್ಲಿ ಇವನ್ನೇ ಹೇಳಿ ನೋಡಿ. ಕತೆ ಕಟ್ಟಿದ. ವೇಷ ಕಟ್ಟಿದ. ಮದ್ದು ಕಟ್ಟಿಕೊಟ್ಟ. ಗಂಟು ಕಟ್ಟಿದ. ನಷ್ಟ ಕಟ್ಟಿಕೊಟ್ಟ. ಇಂಗ್ಲಿಷಿನ ಈ ಜೋಡಿ ಮಾಡುವ ಕೆಲಸದಲ್ಲಿ ಅರ್ಧಕ್ಕರ್ಧವನ್ನು ನಮ್ಮ ‘ಕಟ್ಟು’ ಒಂದೇ ಮಾಡುತ್ತದೆ. ಬಿಡಿಬಿಡಿಯಾಗಿ ಇರುವುದನ್ನು ಸೇರಿಸಿ ಒಂದು ರೂಪಕ್ಕೆ ತರುವುದು, ಇದೇ ಎರಡರ ಬೇರು ಅಂತ ನನ್ನ ಅಂದಾಜು. ಬಾಯಲ್ಲೇ ಹುಟ್ಟಿದ ಕತೆ ನಮ್ಮಲ್ಲಿ ‘ಕಟ್ಟುಕತೆ’. ಇಂಗ್ಲಿಷಿನಲ್ಲಿ ಅದು ‘ಮೇಡ್-ಅಪ್ ಸ್ಟೋರಿ’. ನಾಮಪದಕ್ಕಿಂತ ಮೊದಲು ಹೀಗೆ ಗುಣವಾಚಕವಾಗಿ ನಿಂತಾಗ ಅಡ್ಡಗೆರೆ ಬೇಕು.

‘ಅಪ್’ ಇಲ್ಲಿ ಮೇಲಕ್ಕೆ ಅನ್ನುವ ಅರ್ಥದಲ್ಲಿ ಇಲ್ಲ. ಕೆಲಸ ಪೂರ್ತಿ ಮುಗಿಯಿತು ಅನ್ನುವುದಕ್ಕೆ ಬರುತ್ತದೆ. ‘ಈಟ್ ಅಪ್’ ಅಂದರೆ ತಿಂದುಬಿಡು, ‘ಡ್ರಿಂಕ್ ಅಪ್’ ಅಂದರೆ ಕುಡಿದುಬಿಡು. ನಮ್ಮ ‘ಬಿಡು’ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ‘ಮೇಕ್ ಅಪ್ ಯುವರ್ ಮೈಂಡ್’ ಅನ್ನು ಕೂಡ ‘ಮನಸ್ಸು ಗಟ್ಟಿ ಮಾಡು’ ಎಂದರೆ ಅರ್ಧ ಸರಿ. ‘ಅದೋ ಇದೋ, ಒಂದು ತೀರ್ಮಾನ ಮಾಡಿಬಿಡು’ ಎಂದರೆ ಪೂರ್ತಿ ಸರಿ.

ಲಿವರ್‌ಪೂಲ್ ಕಡೆಯವರು ಇದಕ್ಕೆ ಇನ್ನೊಂದು ಅರ್ಥ ಕೊಟ್ಟಿದ್ದಾರೆ. ಅಲ್ಲಿ ಯಾರಾದರೂ ‘ಐಯಾಮ್ ಮೇಡ್ ಅಪ್’ ಅಂದರೆ ತುಂಬಾ ಖುಷಿಯಾಗಿದೆ ಅಂತ. ಕೆಲಸ ಸಿಕ್ಕ ಗೆಳೆಯನಿಗೆ ‘ಮೇಡ್ ಅಪ್ ಫಾರ್ ಯು’ ಅನ್ನುತ್ತಾರೆ. ನಿನಗಾಗಿ ಅಲಂಕಾರ ಮಾಡಿಕೊಂಡಿದ್ದೇನೆ ಎಂದು ಅನುವಾದ ಮಾಡಿದರೆ ಕತೆಯೇ ಬೇರೆ ದಾರಿ ಹಿಡಿಯುತ್ತದೆ!

ಕನ್ನಡಕ್ಕೆ ಬಂದಾಗ ಏನಾಯಿತು? ಮುಖದ ಮೇಕಪ್ ಒಂದೇ ನಾಮಪದವಾಗಿ ಬಂದು ಕೂತಿತು. ಅದಕ್ಕೆ ಮೊದಲು ನಮ್ಮಲ್ಲಿ ಪದ ಇರಲಿಲ್ಲ ಅಂತಲ್ಲ. ಯಕ್ಷಗಾನದವರು ಇವತ್ತಿಗೂ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ಬಣ್ಣ ಬರೆದುಕೊಳ್ಳುತ್ತಾರೆ. ಸಿನಿಮಾ ಪುಟಗಳಲ್ಲಿ ‘ಬಣ್ಣ ಹಚ್ಚಿದ್ದಾರೆ’ ಅಂದರೆ ನಟಿಸಿದ್ದಾರೆ ಅಂತಲೇ ಅರ್ಥ. ಹಾಗಿದ್ದೂ ಮದುವೆ ಮನೆಯಲ್ಲಿ ಹುಡುಗಿಗೆ ಬಣ್ಣ ಹಚ್ಚಲು ಯಾರು ಬರ್ತಾರೆ ಎಂದು ಕೇಳಿದರೆ ಏಟು ತಿನ್ನಬೇಕಾಗುತ್ತದೆ. ಅಲ್ಲಿ ಮೇಕಪ್ಪೇ ಸರಿ.

ಉಳಿದ ಅರ್ಥಗಳು ಹಿಂಬಾಗಿಲಿಂದ ಬಂದವು. ಸ್ವಾಯತ್ತ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ‘ಮೇಕಪ್ ಎಗ್ಸಾಂ’ ಇದೆ. ಹೋದ ಪರೀಕ್ಷೆಗೆ ಬದಲು ಬರೆಯುವ ಪರೀಕ್ಷೆ. ರಾಯಚೂರಿನಂಥ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ‘ಮೇಕಪ್ ವಾಟರ್’ ಎಂಬುದಿದೆ. ಆವಿಯಾಗಿ ಹೋದಷ್ಟು ನೀರನ್ನು ಮತ್ತೆ ತುಂಬುವುದಕ್ಕೆ ಈ ಹೆಸರು. ಎರಡರಲ್ಲೂ ಕೊರತೆ ತುಂಬುವ ಅರ್ಥ. ಪೌಡರಿಗೂ ಇದಕ್ಕೂ ನಂಟಿಲ್ಲ.

ಕನ್ನಡದಲ್ಲಿ ಬರೆಯುವುದು ಹೇಗೆ ಎಂಬುದಕ್ಕೆ ನನ್ನ ಅಭಿಪ್ರಾಯ ಇದು. ನಾಮಪದವಾದರೆ ‘ಮೇಕಪ್’. ಕ್‌ಗೆ ಅ ಸೇರಿದರೆ ಕ ಆಗುವುದು ನಮ್ಮ ಬಾಯಿಗೆ ಸಹಜ. ಮಾತಿನ ಓಟದಲ್ಲಿ ‘ಮೇಕಪ್ಪು’ ಎಂದು ಒತ್ತು ಬರುವುದೂ ಸರಿಯೇ. ಕೊನೆಯ ಸ್ವರ ಗಿಡ್ಡವಾಗಿದ್ದರೆ ಬಸ್ಸು, ಪೆನ್ನು, ಟಿಕೆಟ್ಟು ಅನ್ನುತ್ತೇವೆ. ಉದ್ದವಾಗಿದ್ದರೆ ಕಾರು, ರೋಡು. ಇಂಗ್ಲಿಷಿನ ಕ್ರಿಯಾಪದವನ್ನೇ ಎತ್ತಿ ತೋರಿಸಬೇಕಾದಾಗ ಮಾತ್ರ ‘ಮೇಕ್ ಅಪ್’ ಎಂದು ಬಿಡಿಸಿ ಬರೆಯೋಣ. ‘ಮೇಕ್‌ಅಪ್’ ಎಂದು ಅಂಟಿಸಿಯೂ ಅಂಟಿಸದಂತೆ ಬರೆಯುವ ಮೂರನೇ ದಾರಿ ನನಗೆ ಸುಮ್ನೆ ಕಿರಿಕಿರಿ.

ನನಗೆ ಉತ್ತರ ಸಿಗದ ಬಳಕೆ ಒಂದಿದೆ. ರೈಲು ಅರ್ಧ ಗಂಟೆ ತಡವಾಗಿ ಬರುತ್ತದೆ. ಹತ್ತಿದವರು ಗೊಣಗುತ್ತಾರೆ. ಆಗ ದಿನಾ ಓಡಾಡುವ ಯಾರೋ ಒಬ್ಬರು ಹೇಳುತ್ತಾರೆ: ‘ಬಿಡಿ ಸಾರ್, ಅರಸೀಕೆರೆ ದಾಟಿದ ಮೇಲೆ ಮೇಕಪ್ ಮಾಡ್ತಾನೆ.’ ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ನಗುವುದಿಲ್ಲ. ಇಲ್ಲಿ ‘ಸರಿದೂಗಿಸು’ ಹಾಕಬಹುದು, ಆದರೆ ಅದು ಪತ್ರಿಕೆಯ ಭಾಷೆ. ‘ನಷ್ಟ ಕಟ್ಟಿಕೊಡು’ ಇದೆ. ‘ಹೊತ್ತು ಕಟ್ಟಿಕೊಡು’ ಅಂತ ಎಲ್ಲೂ ಕೇಳಿಲ್ಲ. ‘ತಡ ಆಗಿದ್ದು ಹೊಂದಿಸ್ತಾನೆ’ ಅಂದರೆ ನಡೆಯುತ್ತದೆಯಾ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆ ಇದಕ್ಕೆ ಬಾಯಿಮಾತಿನಲ್ಲಿ ಏನನ್ನುತ್ತಾರೆ ತಿಳಿಸಿ.