ಸರದಿ ಪಾಳಿ ಮತ್ತು ದೀರ್ಘ ದುಡಿಮೆಯಿಂದ ಬಳಲಿದವರಿಗೆ: ಅನುಭವಿಗಳ ಉತ್ತರಗಳು

ಪ್ರಶ್ನೆ

ಹಗಲು ರಾತ್ರಿ ನಡೆಯುವ ಗ್ರಾಹಕ ಸೇವಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಪಾಳಿ ಪ್ರತಿ ವಾರ ಬದಲಾಗುತ್ತದೆ. ಪಾಳಿ ಮುಗಿದ ಮೇಲೂ ಒಂದೆರಡು ಗಂಟೆ ಉಳಿಯಬೇಕಾಗುತ್ತದೆ. ಈಚೆಗೆ ರಜೆಯ ದಿನ ಎಷ್ಟು ಮಲಗಿದರೂ ಆಯಾಸ ಹೋಗುತ್ತಿಲ್ಲ. ಕರೆ ಮಾಡಿದವರ ಕಷ್ಟ ಕೇಳಿದರೂ ಮನಸ್ಸು ಮಿಡಿಯುವುದಿಲ್ಲ. ಕೆಲಸ ಬಿಡುವ ಸ್ಥಿತಿಯಲ್ಲಿ ನಾನಿಲ್ಲ. ಇಂತಹ ಕಾಲವನ್ನು ದಾಟಿ ಬಂದವರು ಏನು ಮಾಡಿದಿರೆಂದು ದಯವಿಟ್ಟು ತಿಳಿಸಿ.

ತೀವ್ರ ನಿಗಾ ಘಟಕದಲ್ಲಿ ಬಹುಕಾಲ ದುಡಿದ ಶುಶ್ರೂಷಕಿಯೊಬ್ಬರು

ನಿಮ್ಮ ಮಾತಿನಲ್ಲಿ ಎರಡು ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡದೆ ಪರಿಹಾರಕ್ಕೆ ಕೈಹಾಕಿದರೆ ಪಟ್ಟ ಶ್ರಮ ಫಲ ಕೊಡುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ರಜೆಯಲ್ಲೂ ಹೋಗದ ಆಯಾಸಕ್ಕೆ ನಿದ್ದೆಯ ಕೊರತೆ ದೊಡ್ಡ ಕಾರಣವಾಗಿರಬಹುದು. ಆದರೆ ಎದುರಿನವರ ಕಷ್ಟಕ್ಕೆ ಮನಸ್ಸು ಮಿಡಿಯದಿರುವುದನ್ನು ನಿದ್ದೆಯೊಂದರ ಲೆಕ್ಕಕ್ಕೆ ಹಾಕಲಾಗದು. ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಸರಿಯಾಗಿ ನಿಭಾಯಿಸದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ಉದ್ಯೋಗಸಂಬಂಧಿ ಸ್ಥಿತಿಯೆಂದು ವಿವರಿಸಿದೆ. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಕೆಲಸ ಚೆನ್ನಾಗಿ ಆಗುತ್ತಿಲ್ಲವೆನ್ನಿಸುವುದು ಎಂಬ ಮೂರು ಲಕ್ಷಣಗಳನ್ನು ಅದು ಹೇಳುತ್ತದೆ. ನೀವು ಬರೆದಿರುವುದು ಎರಡನೆಯದಕ್ಕೆ ಬಹಳ ಹತ್ತಿರವಾಗಿದೆ. ನಮ್ಮ ಘಟಕದಲ್ಲಿ ಅತ್ಯಂತ ಕರುಣೆಯುಳ್ಳ ಸಹೋದ್ಯೋಗಿಗಳಲ್ಲಿಯೇ ಇದು ಮೊದಲು ಕಾಣಿಸಿಕೊಂಡದ್ದನ್ನು ಕಂಡಿದ್ದೇನೆ. ಆದ್ದರಿಂದ ಅದನ್ನು ನಿಮ್ಮ ಸ್ವಭಾವದ ದೋಷವೆಂದು ದಯವಿಟ್ಟು ತಿಳಿಯಬೇಡಿ.

ನಿದ್ದೆಯ ಭಾಗವನ್ನು ಮೊದಲು ಸರಿಪಡಿಸಿಕೊಳ್ಳಿ, ಏಕೆಂದರೆ ಅದರಲ್ಲಿ ಸ್ವಲ್ಪವಾದರೂ ನಿಮ್ಮ ಕೈಯಲ್ಲಿದೆ. ಮಿದುಳಿನ ಹೈಪೋಥಲಾಮಸ್‌ನಲ್ಲಿರುವ ದೇಹದ ಗಡಿಯಾರವು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ನಡೆಯುತ್ತದೆ. ರಾತ್ರಿಪಾಳಿ ಮುಗಿಸಿ ಬೆಳಗಿನ ಬಿಸಿಲಿನಲ್ಲಿ ಮನೆಗೆ ಹೊರಟಾಗ ಅದು ಎಚ್ಚರದ ಸೂಚನೆಯನ್ನೇ ಪಡೆಯುತ್ತಿರುತ್ತದೆ, ಆದ್ದರಿಂದಲೇ ಹಾಸಿಗೆಗೆ ಬಿದ್ದರೂ ನಿದ್ದೆ ಸುಳಿಯುವುದಿಲ್ಲ. ಬೇರೆಯವರು ಓಡಿಸುವ ವಾಹನದಲ್ಲಿ ಹೋಗುವುದಾದರೆ ಕಪ್ಪು ಕನ್ನಡಕ ಧರಿಸಿ, ಮಲಗುವ ಕೋಣೆಗೆ ಬೆಳಕು ನುಸುಳದ ದಪ್ಪ ಪರದೆ ಹಾಕಿ, ಮನೆಗೆ ಬಂದೊಡನೆ ಬೇರೆ ಕೆಲಸಕ್ಕೆ ತೊಡಗದೆ ಮಲಗಿಬಿಡಿ. ಕಾಫಿಯ ವಿಷಯದಲ್ಲೂ ಎಚ್ಚರ ಬೇಕು: ಕುಡಿದ ಕೆಫೀನ್‌ನ ಅರ್ಧದಷ್ಟು ಸುಮಾರು ಐದು ಗಂಟೆಗಳ ನಂತರವೂ ದೇಹದಲ್ಲಿ ಉಳಿದಿರುತ್ತದೆ, ಹಾಗಾಗಿ ನಾನು ಪಾಳಿಯ ಮೊದಲರ್ಧದಲ್ಲಿ ಮಾತ್ರ ಕುಡಿಯುತ್ತಿದ್ದೆ. ವಿರಾಮದಲ್ಲಿ ಇಪ್ಪತ್ತು ನಿಮಿಷದ ಕಿರುನಿದ್ದೆಗೆ ಅವಕಾಶವಿದ್ದರೆ ಸಂಕೋಚಪಡಬೇಡಿ. ಅದಕ್ಕಿಂತ ಹೆಚ್ಚು ಮಲಗಿದರೆ ಗಾಢನಿದ್ದೆಯಿಂದ ಎದ್ದ ಮಂಪರು ಬಹಳ ಹೊತ್ತು ಬಿಡುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು, ಪಾಳಿ ಯಾವುದೇ ಇದ್ದರೂ ದಿನದ ಕೆಲವು ಗಂಟೆಗಳನ್ನು ನಿದ್ದೆಗೆಂದೇ ಕಾಯಂ ಆಗಿ ಮೀಸಲಿಟ್ಟದ್ದು. ಸತತ ರಾತ್ರಿಪಾಳಿಗಳ ನಡುವೆ ರಜೆ ಬಂದರೆ ಒಮ್ಮೆಗೇ ಹಗಲಿನ ದಿನಚರಿಗೆ ಹಾರದೆ, ತಡವಾಗಿ ಮಲಗಿ ತಡವಾಗಿ ಏಳುವ ಕ್ರಮವನ್ನು ಇಟ್ಟುಕೊಂಡಾಗ ಮುಂದಿನ ಪಾಳಿಯ ಮೊದಲ ರಾತ್ರಿ ಅಷ್ಟೊಂದು ಹಿಂಸೆಯಾಗುತ್ತಿರಲಿಲ್ಲ. ಇನ್ನೊಂದು ಮಾತು: ರಾತ್ರಿಪಾಳಿ ಮುಗಿಸಿ ತೂಕಡಿಸುತ್ತಾ ಸ್ವತಃ ವಾಹನ ಚಲಾಯಿಸಬೇಡಿ. ಸತತ ಹದಿನೇಳು ಗಂಟೆ ಎಚ್ಚರವಿದ್ದವರ ಚುರುಕುತನವು ರಕ್ತದಲ್ಲಿ ಶೇ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ.

ಸರದಿ ಪಾಳಿಯ ತಂತ್ರಜ್ಞರೊಬ್ಬರ ಪತ್ನಿ

ಮನೆಯವರ ಕಡೆಯಿಂದ ಒಂದೇ ವಿಷಯ ಹೇಳುತ್ತೇನೆ. ನನ್ನವರು ಹಗಲು ಮಲಗಿದಾಗ ಬರುವ ಫೋನು, ಬಾಗಿಲ ಕರೆಗಂಟೆ, ಮಕ್ಕಳ ಗದ್ದಲ ಇವೆಲ್ಲವನ್ನೂ ನಾನು ಸಹಜವೆಂದೇ ಭಾವಿಸಿದ್ದೆ; ನಡುರಾತ್ರಿಯಲ್ಲಿ ಯಾರಾದರೂ ನಮ್ಮನ್ನು ಹಾಗೆ ಎಬ್ಬಿಸಿದರೆ ಹೇಗಿರುತ್ತದೆಂದು ಅವರು ಕೇಳಿದ ಮೇಲೆ ಮನೆಯ ವ್ಯವಸ್ಥೆಯೇ ಬದಲಾಯಿತು. ಪಾಳಿಪಟ್ಟಿಯ ಒಂದು ಪ್ರತಿ ಅಡುಗೆಮನೆಯ ಗೋಡೆಯ ಮೇಲಿದೆ, ಅವರ ನಿದ್ದೆಯ ಗಂಟೆಗಳು ಮಕ್ಕಳಿಗೂ ಗೊತ್ತು, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಹೊತ್ತನ್ನು ಪಾಳಿಗೆ ತಕ್ಕಂತೆ ವಾರದ ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ನಿಮ್ಮ ಮನೆಯವರಿಗೆ ನೀವು ಇದನ್ನೆಲ್ಲ ಬಾಯಿಬಿಟ್ಟು ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ.

ರಾಸಾಯನಿಕ ಘಟಕವೊಂದರಲ್ಲಿ ಪಾಳಿಪಟ್ಟಿ ಸಿದ್ಧಪಡಿಸುವ ಮೇಲ್ವಿಚಾರಕರು

ಶುಶ್ರೂಷಕಿಯವರು ನಿದ್ದೆಯ ಬಗ್ಗೆ ಬರೆದದ್ದೆಲ್ಲ ಸರಿಯಾಗಿದೆ. ಆದರೆ ಪಾಳಿಪಟ್ಟಿಯೇ ಕೆಟ್ಟದಾಗಿದ್ದರೆ ಪರದೆಗಳೂ ಕಿರುನಿದ್ದೆಯೂ ಎಷ್ಟು ದಿನ ತಾಳಿಯಾವು? ಬಳಲಿದವರಿಗೆ ಯೋಗ ಮಾಡಿ, ಧ್ಯಾನ ಮಾಡಿ ಎಂದು ಸಲಹೆ ಕೊಡುವ ಆಡಳಿತಗಳು ಪಟ್ಟಿಯನ್ನು ಮುಟ್ಟದೆ ಉಳಿಸುವುದನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ನಿಮ್ಮ ಪಾಳಿ ಯಾವ ದಿಕ್ಕಿನಲ್ಲಿ ತಿರುಗುತ್ತದೆಂಬುದನ್ನು ಮೊದಲು ನೋಡಿ. ಬಹುಪಾಲು ಜನರ ದೇಹದ ಗಡಿಯಾರದ ಸುತ್ತು ಇಪ್ಪತ್ತನಾಲ್ಕು ಗಂಟೆಗಿಂತ ತುಸು ಹೆಚ್ಚಿರುವುದರಿಂದ ಮಲಗುವ ಹೊತ್ತನ್ನು ಮುಂದೂಡುವುದು ಸುಲಭ, ಹಿಂದಕ್ಕೆ ಎಳೆಯುವುದು ಕಷ್ಟ. ಹಾಗಾಗಿ ಬೆಳಗಿನ ಪಾಳಿಯಿಂದ ಮಧ್ಯಾಹ್ನದ್ದಕ್ಕೆ, ಅಲ್ಲಿಂದ ರಾತ್ರಿಯದಕ್ಕೆ ಸಾಗುವ ಸರದಿಯು ಅದರ ವಿರುದ್ಧ ದಿಕ್ಕಿನದಕ್ಕಿಂತ ದೇಹಕ್ಕೆ ಹಿತ. ಎರಡು ಪಾಳಿಗಳ ನಡುವಿನ ಬಿಡುವು ಅದಕ್ಕಿಂತಲೂ ಮುಖ್ಯ. ಯುರೋಪಿಯನ್ ಒಕ್ಕೂಟದ 2003ರ ಕೆಲಸದ ಅವಧಿಯ ನಿರ್ದೇಶನವು ದಿನಕ್ಕೆ ಸತತ 11 ಗಂಟೆಗಳ ವಿಶ್ರಾಂತಿಯನ್ನು ಕನಿಷ್ಠ ಮಿತಿಯಾಗಿ ಇಟ್ಟಿದೆ; ನಿಯಮ ಎಲ್ಲಿಯದೇ ಆಗಿರಲಿ, ನಾನು ಪಟ್ಟಿ ಹಾಕುವಾಗ ಅದನ್ನೇ ಅಳತೆಯಾಗಿ ಬಳಸುತ್ತೇನೆ. ಪಾಳಿಯ ನಂತರ ನೀವು ಉಳಿಯುವ ಆ ಒಂದೆರಡು ಗಂಟೆಗಳು ಈ ಬಿಡುವನ್ನೇ ತಿನ್ನುತ್ತಿವೆ. ಹೋಗಿಬರುವ ಸಮಯವನ್ನೂ ಕಳೆದರೆ ನಿಮಗೆ ಮಲಗಲು ಎಷ್ಟು ಗಂಟೆ ಸಿಗುತ್ತಿದೆಯೆಂದು ಲೆಕ್ಕ ಹಾಕಿ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಸರದಿ ತಾವು ಹೇಳಿದ ವಿರುದ್ಧ ದಿಕ್ಕಿನದೇ. ಇದನ್ನು ಮೇಲಿನವರ ಮುಂದೆ ಇಡುವುದು ಹೇಗೆ? ಕೈಲಾಗದವನೆಂಬ ಹೆಸರು ಬರುವ ಭಯವಿದೆ.

ಶುಶ್ರೂಷಕಿಯವರು

ಮಾತನಾಡುವ ಮೊದಲು ವೈದ್ಯರೊಬ್ಬರನ್ನು ಕಾಣಿರಿ. ರಕ್ತಹೀನತೆ, ಥೈರಾಯ್ಡ್‌ನ ಏರುಪೇರು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವೆಲ್ಲವೂ ಇದೇ ಬಗೆಯ ಆಯಾಸವನ್ನು ತರುತ್ತವೆ. ಎಲ್ಲವನ್ನೂ ಪಾಳಿಯ ಮೇಲೆ ಹಾಕಿ ಕುಳಿತರೆ ಚಿಕಿತ್ಸೆಯಿಂದ ಗುಣವಾಗಬಹುದಾದದ್ದೂ ಉಳಿದುಬಿಡುತ್ತದೆ. ಕೆಲಸವಷ್ಟೇ ಅಲ್ಲದೆ ಯಾವುದೂ ಬೇಡವೆನ್ನಿಸಿದರೆ, ಬದುಕೇ ಸಾಕೆಂಬ ಯೋಚನೆ ಒಮ್ಮೆ ಸುಳಿದರೂ, ರಜೆ ಸಿಗಲೆಂದು ಕಾಯದೆ ಅಂದೇ ಹೋಗಿ.

ಮೇಲ್ವಿಚಾರಕರು

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತವನಾಗಿ ಹೇಳುತ್ತೇನೆ. 'ನನಗೆ ಆಗುತ್ತಿಲ್ಲ' ಎಂಬ ಮಾತಿಗಿಂತ ಬರವಣಿಗೆಯಲ್ಲಿರುವ ಲೆಕ್ಕವು ಮೇಲಿನವರನ್ನು ಬೇಗ ಯೋಚನೆಗೆ ಹಚ್ಚುತ್ತದೆ. ಕೆಲವು ವಾರಗಳ ಕಾಲ ಪಾಳಿ ನಿಜವಾಗಿ ಆರಂಭವಾದ ಹೊತ್ತು, ಮುಗಿದ ಹೊತ್ತು, ಉಳಿಯಬೇಕಾದ ಕಾರಣ ಇವಿಷ್ಟನ್ನು ಬರೆದಿಡಿ. ಹೆಚ್ಚಿನ ಕಡೆ ಕಾರಣ ಒಂದೇ ಆಗಿರುತ್ತದೆ: ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸಲು ಸಮಯವನ್ನೇ ಮೀಸಲಿಟ್ಟಿರುವುದಿಲ್ಲ. ನಮ್ಮಲ್ಲಿ ಎರಡು ಪಾಳಿಗಳು ಅರ್ಧ ಗಂಟೆ ಒಂದರ ಮೇಲೊಂದು ಬರುವಂತೆ ಮಾಡಿ, ಬಾಕಿಯಿರುವ ವಿಷಯಗಳನ್ನು ಬರೆದು ಒಪ್ಪಿಸುವ ಕ್ರಮ ತಂದ ಮೇಲೆ ತಡವಾಗಿ ಉಳಿಯುವುದು ಬಹುಮಟ್ಟಿಗೆ ನಿಂತಿತು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜನ್ನೂ ಜೊತೆಗಿಡಬಹುದು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚೆಂದು ಅದು ಹೇಳುತ್ತದೆ. ಸಾಧ್ಯವಾದರೆ ಒಬ್ಬರೇ ಹೋಗದೆ, ಅದೇ ಪಾಳಿಯ ಇಬ್ಬರು ಮೂವರು ಸೇರಿ ಹೋಗಿ. ಸರದಿಯ ದಿಕ್ಕನ್ನು ಪ್ರಾಯೋಗಿಕವಾಗಿ ಎರಡು ತಿಂಗಳು ಬದಲಿಸಿ, ಆ ಅವಧಿಯ ಗೈರುಹಾಜರಿ ಮತ್ತು ದೂರುಗಳನ್ನು ಹಿಂದಿನದರೊಡನೆ ಹೋಲಿಸಿ ನೋಡೋಣವೆಂದು ಕೇಳಿ. ಕಾಯಂ ಬದಲಾವಣೆಗೆ ಹಿಂಜರಿಯುವವರು ಪ್ರಯೋಗಕ್ಕೆ ಒಪ್ಪುವ ಸಂಭವ ಹೆಚ್ಚು. ಮಾತುಕತೆ ಮುಗಿದ ದಿನವೇ ಒಪ್ಪಿದ ಅಂಶಗಳನ್ನು ಬರೆದು ಅವರಿಗೊಂದು ಇಮೇಲ್ ಕಳುಹಿಸಿ.